ಮಳೆಗಾಲದ ಅಂಜೂರದ ಕಾಯಿ ಪ್ರಾಜೆಕ್ಟ್, ಇಲ್ಲಿವರೆಗೂ ಆಗಿದ್ದು

ಬೆಂಗಳೂರಲ್ಲಿ ಮನೆ ಹಿಂದೆ ಅಂಜೂರದ ಗಿಡ ಇಟ್ಕೊಂಡಿರೋರಿಗೆ ಆಗಸ್ಟ್ ಅಂದ್ರೆ ಏನು ಅಂತ ಗೊತ್ತಿರತ್ತೆ, ಎಲೆ ಹಿಂಭಾಗ ಕಂದು ಪುಡಿ ಕಾಣಿಸ್ಕೊಳತ್ತೆ, ಅದು ತುಕ್ಕು ರೋಗ, ಅದರ ಮೇಲೆ ಮಳೆ ಬಿಡದೆ ಹಿಡ್ಕೊಂಡ್ರೆ ಎಲೆಯೆಲ್ಲ ಉದುರಿ ಬೋಳು ಕೊಂಬೆ ಮೇಲೆ ಕಾಯಿ ಮಾತ್ರ ನಿಂತಿರತ್ತೆ. ಎಲೆನೇ ಇಲ್ಲ ಅಂದ್ಮೇಲೆ ಕಾಯಿಗೆ ಸಕ್ಕರೆ ಎಲ್ಲಿಂದ ಬರ್ಬೇಕು. ಕಿತ್ತು ಅಕ್ಕಿ ಡಬ್ಬದಲ್ಲಿ ಇಡೋದು ಮಾವು, ಸಪೋಟಕ್ಕೆ ಸರಿ, ಅಂಜೂರಕ್ಕೆ ನಡೆಯಲ್ಲ, ಹಸಿರಿದ್ದಾಗ ಕಿತ್ತಿದ್ದು ಸುಕ್ಕು ಬೀಳತ್ತೆ ಅಷ್ಟೆ. ಪುಣೆ ಹತ್ರ ಪುರಂದರ ಕಡೆ ಬೆಳೆಗಾರರೂ ಮಳೆಗಾಲದ ಬೆಳೆನ ಖಟ್ಟಾ (ಹುಳಿ) ಬಹಾರ್ ಅಂತಾರೆ, ಬೇಸಿಗೆದು ಮೀಠಾ (ಸಿಹಿ) ಬಹಾರ್. ಹಾಗಾಗಿ ಈ ಸಲ ಹಣ್ಣಿನ ಆಸೆ ಬಿಟ್ಟು ಕಾಯಿನ ಕಾಯಿ ಥರಾನೇ ಬಳಸೋಣ ಅಂತ ಶುರು ಮಾಡಿದೀನಿ.

ಮೊದಲು ಕೀಳೋದು. ಸಂಜೆ ಬಿಸಿಲು ಇಳಿದ ಮೇಲೇನೇ, ಪೂರ್ತಿ ತೋಳಿನ ಅಂಗಿ ಹಾಕ್ಕೊಂಡು. ಅಂಜೂರದ ಸೊನೆಲಿ ಸೊರಾಲೆನ್ ಅನ್ನೋದು ಇರತ್ತೆ, ಅದು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ರೆ ಸುಟ್ಟ ಗಾಯದ ಥರ ಬೊಬ್ಬೆ ಬರತ್ತೆ, ಮಕ್ಕಳನ್ನಂತೂ ದೂರ ಇಡಿ. ಹಲಸು ಬಿಡಿಸೋವಾಗ ಮಾಡ್ತೀವಲ್ಲ, ಹಾಗೆ ಚಾಕುಗೆ ಕೊಬ್ಬರಿ ಎಣ್ಣೆ ಸವರ್ಕೊಂಡ್ರೆ ಅಂಟಲ್ಲ, ಕೈಗೆ ಗ್ಲೌಸ್ ಒಳ್ಳೇದು. ಒಂದು ಕಾಯಿ ಕುಯ್ದು ನೋಡಿ ಒಳಗೆ ಬೆಳ್ಳಗಿರೋ ಸೈಜಿಂದು ಮಾತ್ರ ತಗೊಂಡೆ, ಗುಲಾಬಿ ಬಣ್ಣ ತಿರುಗಿರೋದು ಬೇಯಿಸಿದ್ರೆ ಕರಗಿಹೋಗತ್ತೆ. ಅತ್ತಿ ಹಣ್ಣಿನ ಥರ ಒಳಗೆ ಹುಳ ಇರಲ್ವಾ ಅಂತ ಮನೆಲಿ ಎಲ್ಲರೂ ಕೇಳಿದ್ರು. ಇರಲ್ಲ, ನಮ್ಮ ಪೂನಾ, ಬಳ್ಳಾರಿ ತಳಿಗಳು ಪರಾಗಸ್ಪರ್ಶ ಇಲ್ದೇನೇ ಕಾಯಿ ಕಟ್ಟತ್ತೆ, ಅತ್ತಿಗೆ ಪರಾಗಸ್ಪರ್ಶಕ್ಕೆ ಬೇಕಾಗೋ ಕಣಜದ ಹುಳ ಇವಕ್ಕೆ ಬೇಡ.

ಇಡೀ ಕೆಲಸದ ಗುಟ್ಟು ಸೊನೆ ತೆಗೆಯೋದ್ರಲ್ಲೇ ಇರೋದು. ತೊಟ್ಟು ಕತ್ತರಿಸಿ, ಬುಡದಲ್ಲಿ ಪ್ಲಸ್ ಆಕಾರಕ್ಕೆ ಸೀಳಿ, ಹತ್ತು ಹದಿನೈದು ನಿಮಿಷ ಕುದಿಸಿ ನೀರು ಚೆಲ್ಲೋದು, ಹೊಸ ನೀರು ಹಾಕಿ ಮತ್ತೆ ಕುದಿಸೋದು, ನೀರಲ್ಲಿ ಕಹಿ ಹೋಗೋವರೆಗೂ. ಚೆಲ್ಲೋ ಮುಂಚೆ ನೀರು ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಿದ್ರೆ ತಿಳಿಯತ್ತೆ. ಸೊನೆಲಿರೋ ಫಿಸಿನ್ ಅನ್ನೋ ಕಿಣ್ವ ಹಾಲು ಒಡೆಸತ್ತೆ, ಅದಕ್ಕೆ ಹಸಿ ಕಾಯಿ ತುರಿದು ಹಾಲಿಗೆ ಹಾಕಿ ಹಲ್ವ ಮಾಡೋ ಯೋಚನೆ ಇದ್ರೆ ಬಿಡಿ, ಚೆನ್ನಾಗಿ ಕುದಿಸಿದ ಮೇಲೆ ಆ ಕಾಟ ಇಲ್ಲ.

ಮೊದಲ ಬ್ಯಾಚ್ ಸಿಹಿ. ಗ್ರೀಸಲ್ಲಿ ಹಸಿರು ಅಂಜೂರನ ಇಡಿಯಾಗಿ ಸಕ್ಕರೆ ಪಾಕದಲ್ಲಿ ಹಾಕಿ ಮನೆಗೆ ಬಂದೋರಿಗೆ ಚಮಚದಲ್ಲಿ ಕೊಡ್ತಾರೆ, ದಕ್ಷಿಣ ಆಫ್ರಿಕಾದಲ್ಲೂ ಇದೇ ಥರದ್ದು ಮಾಡ್ತಾರೆ ಆದ್ರೆ ಮೊದಲು ಸುಣ್ಣದ ನೀರಲ್ಲಿ ನೆನೆಸ್ತಾರೆ. ಇದು ಓದಿದ ತಕ್ಷಣ ಖುಷಿ ಆಯ್ತು, ಯಾಕಂದ್ರೆ ಬೂದುಗುಂಬಳದ ಪೇಠಾಗೆ ಮಾಡೋದೂ ಇದನ್ನೇ! ಸುಣ್ಣದ ಕ್ಯಾಲ್ಸಿಯಂ ಕಾಯಲ್ಲಿರೋ ಪೆಕ್ಟಿನ್ ಜೊತೆ ಸೇರಿ ಗಟ್ಟಿ ಹಿಡ್ಕೊಳತ್ತೆ, ಪಾಕದಲ್ಲಿ ಎಷ್ಟು ಬೆಂದ್ರೂ ಒಡೆಯಲ್ಲ. ಎಲೆಯಡಿಕೆ ಸುಣ್ಣ ಒಂದು ಚಮಚ 2 ಲೀಟರ್ ನೀರಿಗೆ ಕಲಸಿ, ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಬಸಿದು, ಸೀಳಿದ ಕಾಯಿನ ರಾತ್ರಿ ಪೂರ್ತಿ ನೆನೆಹಾಕಿದೆ, ಸ್ಟೀಲ್ ಪಾತ್ರೆಲಿ, ಅಲ್ಯೂಮಿನಿಯಂ ಸುಣ್ಣಕ್ಕೆ ಆಗಲ್ಲ. ಬೆಳಿಗ್ಗೆ ನಾಲ್ಕೈದು ನೀರಲ್ಲಿ ತೊಳೆದು ಆಮೇಲೆ ಮೇಲೆ ಹೇಳಿದ ಕುದಿತ. 1 ಕೆಜಿ ಕಾಯಿಗೆ 1 ಕೆಜಿ ಸಕ್ಕರೆ, ಪಾಕಕ್ಕೆ ಬಿಟ್ಟು ಒಂದು ಕುದಿ ಬಂದ್ಮೇಲೆ ಇಳಿಸಿ ಹಾಗೇ ಇಡಬೇಕು, ಸಕ್ಕರೆ ನಿಧಾನಕ್ಕೆ ಒಳಗೆ ಇಳಿಯತ್ತೆ, ಮಾರನೇ ದಿನ ಒಂದೆಳೆ ಪಾಕ ಬರೋವರೆಗೂ ಕಾಯಿಸಿ ಲವಂಗ, ಎರಡು ನಿಂಬೆಹಣ್ಣಿನ ರಸ. ನಿಂಬೆ ಬಿಡ್ಬೇಡಿ, ಪಾಕ ಸಕ್ಕರೆಗಟ್ಟಲ್ಲ, ಅಂಜೂರದಲ್ಲಿ ಹುಳಿ ಕಮ್ಮಿ ಇರೋದ್ರಿಂದ ಕೆಡದೆ ಇರೋಕೂ ಬೇಕು. ಕಾಯಿ ಗಾಜಿನ ಥರ ಹೊಳೀತಿದೆ, ಕಚ್ಚಿದ್ರೆ ಒಳಗಿನ ಸಣ್ಣ ಬೀಜ ಸಿಗತ್ತೆ, ನಂಗೆ ಹಣ್ಣಿಗಿಂತ ಇದೇ ಇಷ್ಟ ಆಗ್ಬಿಟ್ಟಿದೆ.

ಪಲ್ಯಕ್ಕೆ ಸುಣ್ಣ ಬೇಡ. ಕುದಿಸಿ ಹಿಂಡಿದ ಕಾಯಿನ ಸಣ್ಣಗೆ ಹೆಚ್ಚಿ ಸಾಸಿವೆ, ಉದ್ದಿನಬೇಳೆ, ಬ್ಯಾಡಗಿ ಒಗ್ಗರಣೆ, ಹುಣಸೆ, ಚೂರು ಬೆಲ್ಲ, ತೆಂಗಿನಕಾಯಿ ತುರಿ. ಕಾಯಿಗೆ ತನ್ನದೇ ರುಚಿ ಅಷ್ಟಾಗಿ ಇಲ್ಲ, ಮಸಾಲೆ ಚೆನ್ನಾಗಿ ಹೀರ್ಕೊಳತ್ತೆ, ರೊಟ್ಟಿ ಜೊತೆ ಸಖತ್.

ಉಳಿದಿರೋದು ಅರ್ಧ ಬುಟ್ಟಿ, ಅದಕ್ಕೆ ಸಕ್ಕರೆ ಬದಲು ಜೋನಿ ಬೆಲ್ಲ, ಶುಂಠಿ ಹಾಕೋ ಪ್ಲಾನ್. ಅಕ್ಟೋಬರಲ್ಲಿ ಮಳೆ ಕಡಿಮೆ ಆದ್ಮೇಲೆ ಗಿಡ ಸವರಬೇಕು, ಹೊಸ ಚಿಗುರಲ್ಲೇ ಕಾಯಿ ಬರೋದು, ಆಗ ಸವರಿದ್ರೆ ಫೆಬ್ರವರಿ ಮಾರ್ಚ್ ಒಣ ಬಿಸಿಲಿಗೆ ಸರಿಯಾಗಿ ಹಣ್ಣಾಗತ್ತೆ. ಉದುರಿರೋ ತುಕ್ಕು ಎಲೆಯೆಲ್ಲ ಗುಡಿಸಿ ಆಚೆ ಹಾಕಿದೀನಿ, ಕಾಂಪೋಸ್ಟಿಗೆ ಹಾಕಿಲ್ಲ.