ತುತ್ತತುದಿಗೆ ಎಷ್ಟೊಂದು ಇಂಗ್ಲಿಷ್ ಪದ!

16 ನವೆಂಬರ್ 2024, ಶನಿವಾರ

ಗೆಳತಿಯೊಬ್ಬಳು ಇಂಗ್ಲಿಷಿನಲ್ಲಿ ಬರೆದ ಭಾಷಣ ಕಳಿಸಿ, ಒಮ್ಮೆ ಕಣ್ಣಾಡಿಸು ಅಂದಳು. ಅವಳ ಮೇಲಧಿಕಾರಿ ಬೇರೆ ಕಡೆ ಹೋಗುತ್ತಿದ್ದಾರಂತೆ. ಅವರು ಈಗ ‘ಪೀಕ್’ ಮುಟ್ಟಿದ್ದಾರೆ ಅಂತ ಹೊಗಳಿದ್ದಳು. ಬೇಡ ಮಾರಾಯ್ತಿ ಅಂದೆ. ಇಂಗ್ಲಿಷಿನಲ್ಲಿ ಒಬ್ಬರನ್ನು ‘ಪೀಕ್ಡ್’ ಅಂದರೆ ಇನ್ನು ಮುಂದೆ ಇಳಿಜಾರೇ ಗತಿ ಅಂತ ಕೇಳಿಸುತ್ತದೆ. ಜ್ವರ, ಟ್ರಾಫಿಕ್, ಕರೆಂಟಿನ ಬೇಡಿಕೆ, ಇವಕ್ಕೆ ಪೀಕ್ ಸರಿ. ಏರಿದ್ದು ಇಳಿದೇ ಇಳಿಯುತ್ತದೆ, ಗ್ರಾಫ್ ಬರೆದೂ ತೋರಿಸಬಹುದು. ಮನುಷ್ಯರಿಗೆ ಸ್ವಲ್ಪ ಹುಷಾರಾಗಿ ಬಳಸಬೇಕು.

ಹಾಗಾದ್ರೆ ‘ಅಪೋಜಿ’ ಹಾಕಲಾ ಅಂದಳು. ಅದು ಇನ್ನೂ ಮಜಾ. ಗ್ರೀಕಿನಲ್ಲಿ ಅದರ ಮೂಲಾರ್ಥ ‘ಭೂಮಿಯಿಂದ ದೂರ’. ಚಂದ್ರ ಸುತ್ತುವಾಗ ನಮ್ಮಿಂದ ಅತಿ ದೂರಕ್ಕೆ, ಸುಮಾರು 4,05,000 ಕಿ.ಮೀ. ಆಚೆಗೆ ಹೋಗುವ ಜಾಗ ಅದು. ಅಲ್ಲಿ ಅವನು ಚಿಕ್ಕದಾಗಿ ಕಾಣುತ್ತಾನೆ, ನಿಧಾನವಾಗಿಯೂ ಚಲಿಸುತ್ತಾನೆ. ಕೆಲವು ಮೇಲಧಿಕಾರಿಗಳಿಗೆ ಹೇಳಿ ಮಾಡಿಸಿದ ಹಾಗಿದೆ, ಆದರೆ ಭಾಷಣದಲ್ಲಿ ಹೇಳೋಕಾಗಲ್ಲ ಅಲ್ವಾ?

‘ಸಮಿಟ್’ ಬೆಟ್ಟ ಹತ್ತಿದವರ ಪದ. ಚರ್ಚಿಲ್ 1950ರಲ್ಲಿ ಎಡಿನ್‌ಬರೋದ ಭಾಷಣವೊಂದರಲ್ಲಿ ದೊಡ್ಡ ದೇಶಗಳ ಮುಖ್ಯಸ್ಥರ ಮಾತುಕತೆಗೆ ಈ ಪದ ಬಳಸಿದರು. ಈಗ ನಾಲ್ಕು ಜನ ಮೈಕ್ ಹಿಡಿದರೂ ಸಮಿಟ್ಟೇ. ‘ಕ್ಲೈಮ್ಯಾಕ್ಸ್’ ಗ್ರೀಕಿನಲ್ಲಿ ಏಣಿ. ಮೊದಲು ಮೆಟ್ಟಿಲು ಮೆಟ್ಟಿಲಾಗಿ ಏರುವ ಮಾತಿನ ವರಸೆಗೆ ಆ ಹೆಸರಿತ್ತು. ಆಮೇಲೆ ಏಣಿ ಹೋಗಿ ಕೊನೆಯ ಮೆಟ್ಟಿಲಷ್ಟೇ ಉಳಿಯಿತು.

ನನಗೆ ಜಾಸ್ತಿ ಹಿಡಿಸಿದ್ದು ‘ವರ್ಟೆಕ್ಸ್’. ಶಾಲೆಯಲ್ಲಿ ತ್ರಿಕೋನದ ಮೂಲೆ ಅಂತ ಓದಿ ಬಿಟ್ಟಿದ್ದೆವು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ತಿರುಗು’ ಅನ್ನುವ ಕ್ರಿಯಾಪದ ಮೂಲ. ನೀರಿನ ಸುಳಿ, ನೆತ್ತಿ, ಬೆಟ್ಟದ ತುದಿ ಎಲ್ಲಕ್ಕೂ ಅದೊಂದೇ ಪದ. ತಲೆಸುತ್ತಿನ ‘ವರ್ಟಿಗೋ’ ಕೂಡ ಅದೇ ಮನೆಯದು. ಕನ್ನಡದ ‘ಸುಳಿ’ ನೋಡಿ. ಹೊಳೆಯಲ್ಲಿ ನೀರು ಗಿರಗಿರನೆ ತಿರುಗುವುದೂ ಸುಳಿ, ನೆತ್ತಿಯ ಕೂದಲು ಸುತ್ತಿಕೊಳ್ಳುವುದೂ ಸುಳಿ, ಬಾಳೆಗಿಡದ ತುದಿಯಲ್ಲಿ ಸುರುಳಿಯಾಗಿ ಮೇಲೆ ಬರುವ ಎಳೆ ಎಲೆಯೂ ಸುಳಿ. ಯಾರೂ ಯಾರಿಂದಲೂ ಕಡ ತಂದಿದ್ದಲ್ಲ. ಸುಮ್ನೆ ಮಗುವಿನ ತಲೆ ಸವರಿದರೂ ಹೊಳೆಯುವ ವಿಷಯ.

ಭಾಷಣಕ್ಕೆ ಕೊನೆಗೆ ‘ಜೆನಿತ್’ ಅಂತ ಆಯಿತು. ನಿಂತಲ್ಲಿಂದ ನೆಟ್ಟಗೆ ನೆತ್ತಿಯ ಮೇಲಿರುವ ಆಕಾಶದ ಬಿಂದು ಅದು. ನಾವು ನಡೆದಲ್ಲಿಗೆ ಅದೂ ಬರುತ್ತದೆ, ಹಾಗಾಗಿ ಊರು ಬದಲಿಸುವವರಿಗೆ ತೊಂದರೆಯಿಲ್ಲ. ಅರಬ್ಬಿಯಲ್ಲಿ ತಲೆ ಮೇಲಿನ ದಾರಿಗೆ ‘ಸಮ್ತ್’ ಅನ್ನುತ್ತಿದ್ದರು. ಕೈಬರಹದ ‘ಎಂ’ ಅಕ್ಷರವನ್ನು ‘ಎನ್’ ಮತ್ತು ‘ಐ’ ಅಂತ ಓದಿಕೊಂಡು ಲ್ಯಾಟಿನ್ನಿನವರು ಅದನ್ನು ‘ಸೆನಿತ್’ ಮಾಡಿದರು ಅನ್ನುತ್ತಾರೆ.

ಇದೇ ತರದ ಇನ್ನೊಂದು ಎಡವಟ್ಟಿದೆ. ‘ಆಕ್ಮಿ’ ಅಂದರೂ ಗ್ರೀಕಿನಲ್ಲಿ ತುತ್ತತುದಿಯೇ. ಅದನ್ನು ನಕಲು ಮಾಡುವಾಗ ‘ಮ’ ಹೋಗಿ ‘ನ’ ಬಂತು ಅಂತ ನಿಘಂಟು ಹೇಳುತ್ತದೆ. ಹಾಗೆ ಹುಟ್ಟಿದ್ದು ‘ಆಕ್ನಿ’, ಅಂದರೆ ಮೊಡವೆ.