ನಂದಿಕೂರಿನವರು ಗೆದ್ರಾ ಸೋತ್ರಾ?

ಮದುವೆಮನೆಯಲ್ಲಿ ಯಾರಾದ್ರೂ ಸಿಕ್ಕಿ "ನಿಮ್ದು ಎಂತ ಸಬ್ಜೆಕ್ಟ್ ಮಾರಾಯ್ರೆ" ಅಂತ ಕೇಳಿದ್ರೆ ಪರಿಸರ ಆಡಳಿತ, ಜನಚಳವಳಿ ಅಂತೇನೆ, ಅಷ್ಟಕ್ಕೇ "ಹಾಗಾದ್ರೆ ನೀವು ಡೆವಲಪ್‌ಮೆಂಟ್ ಬೇಡ ಅನ್ನುವ ಪಾರ್ಟಿಯಾ" ಅಂತ ಬರ್ತದೆ. ನಕ್ಕು ಊಟದ ಪಂಕ್ತಿಗೆ ಹೋಗುದು, ಇನ್ನೇನು ಮಾಡುದು.

ನಾನು ಈ ಲೈನಿಗೆ ಬಂದದ್ದೇ ಉಡುಪಿ ಜಿಲ್ಲೆಯ ನಂದಿಕೂರಿನಿಂದಾಗಿ. ಕೊಜೆಂಟ್ರಿಕ್ಸ್ ಅಂತ ಅಮೆರಿಕದ ಕಂಪನಿ ಅಲ್ಲಿ 1000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಹಾಕ್ತೇನೆ ಅಂತ ಬಂದು, ಊರವರ ವಿರೋಧ, ಕೋರ್ಟು ಕೇಸು, ಸರ್ಕಾರದ ಗ್ಯಾರಂಟಿಯ ತಕರಾರು ಎಲ್ಲ ಆಗಿ 1999ರ ಡಿಸೆಂಬರಲ್ಲಿ ಗಂಟುಮೂಟೆ ಕಟ್ಟಿತು. ಗೆದ್ದೆವು ಅಂತ ಎಲ್ರಿಗೂ ಖುಷಿ. ಹತ್ತು ಹನ್ನೆರಡು ವರ್ಷದೊಳಗೆ ಅಲ್ಲೇ ಎಲ್ಲೂರಲ್ಲಿ ಬೇರೆಯವರ 1200 ಮೆಗಾವ್ಯಾಟ್ ಸ್ಥಾವರ ಬಂತು!

ಹಾಗಾದ್ರೆ ಸೋತದ್ದಾ? ಸೆಮಿನಾರಲ್ಲಿ ಕೂತವರು ಹೌದು ಅಂತಾರೆ. ನಂಗೆ ಒಪ್ಪಿಗೆ ಇಲ್ಲ. ನಂದಿಕೂರು ಜನಜಾಗೃತಿ ಸಮಿತಿಯವರು ಎಲ್ಲೂರಿನ ಸ್ಥಾವರದ ಮೇಲಿನ ಕೇಸು ಬಿಡ್ಲೇ ಇಲ್ಲ, 2022ರ ಮೇಯಲ್ಲಿ ಎನ್‌ಜಿಟಿ, ಅಂದ್ರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 52 ಕೋಟಿ ಚಿಲ್ಲರೆ ಪರಿಹಾರ ಕಟ್ಟಿ ಅಂತ ಆ ಸ್ಥಾವರಕ್ಕೆ ಹೇಳಿತು. ಅದಕ್ಕಿಂತ ಮುಖ್ಯ, ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಊರವರ ಮಾತು ಕೇಳ್ಲಿಕ್ಕೆ ಈ ಕರಾವಳಿಯಲ್ಲಿ ನಡೆಯುವ ಅಹವಾಲು ಸಭೆಗಳಲ್ಲಿ ಜನ ಕೇಳುವ ಪ್ರಶ್ನೆಯೇ ಬದಲಾಗಿದೆ. ಮೀನುಗಾರರೊಬ್ರು ಮೈಕ್ ಹಿಡಿದು "ಗಾಳಿ ಅಳೆದದ್ದು ಯಾವ ತಿಂಗಳಲ್ಲಿ? ಮಳೆಗಾಲದ ಲೆಕ್ಕ ಎಲ್ಲುಂಟು?" ಅಂತ ಕೇಳಿದ್ರು, ಕಂಪನಿಗೆ ವರದಿ ಮಾಡಿಕೊಟ್ಟ ಕನ್ಸಲ್ಟೆಂಟ್ ಪಾಪ ಲ್ಯಾಪ್‌ಟಾಪಲ್ಲಿ ಹುಡುಕ್ತಾನೇ ಇದ್ದ.

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಇಂಥ ಸಭೆಗೆ 30 ದಿನ ಮೊದಲು ನೋಟಿಸ್ ಕೊಡ್ಬೇಕು, ಕೋರಂ ಬೇಡ, ಅಂದ್ರೆ ಹತ್ತೇ ಜನ ಬಂದ್ರೂ ಸಭೆ ಸಭೆಯೇ. ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರ ಎದುರು ಓದಿ ಹೇಳ್ಬೇಕು, ಅಷ್ಟೊತ್ತಿಗೆ ಅರ್ಧ ಜನ ಬಸ್ಸಿಗೆ ಹೋಗಿರ್ತಾರೆ. 2020ರಲ್ಲಿ ಇದನ್ನೇ ಬದಲಿಸುವ ಕರಡು ಬಂದಾಗ ಆ 30ನ್ನು 20 ಮಾಡ್ಲಿಕ್ಕೆ ಹೊರಟಿದ್ರು, ಆ ಕರಡು ಕನ್ನಡದಲ್ಲೇ ಇಲ್ಲ ಅಂತ ನಮ್ಮ ಹೈಕೋರ್ಟ್ ಸ್ಟೇ ಕೊಟ್ಟಿತು. ಕನ್ನಡ ರಾಜ್ಯೋತ್ಸವದ ಭಾಷಣದಲ್ಲಿ ಇದನ್ನು ಯಾಕೆ ಯಾರೂ ಹೇಳುದಿಲ್ಲವೋ.

ಈಗ ಪಿಎಚ್‌ಡಿಗೆ ಬರುವ ಮಕ್ಕಳಿಗೆ ನಾನು ಮೊದಲು ಥಿಯರಿ ಕೊಡುದಿಲ್ಲ. ಒಂದು ಸಭೆಯ ನಡಾವಳಿ ಕೊಟ್ಟು, ಯಾರ ಮಾತು "ವಿರೋಧ ವ್ಯಕ್ತಪಡಿಸಿದರು" ಅಂತ ಒಂದೇ ಸಾಲಲ್ಲಿ ಮುಗಿದಿದೆ, ಸಭೆಯ ವಿಡಿಯೋ ನೋಡಿ ಹುಡುಕಿ ಅಂತೇನೆ. ವಿಡಿಯೋ ಮಾಡ್ಲೇಬೇಕು ಅಂತ ರೂಲ್ ಉಂಟು. ಸಿಗ್ಲಿಕ್ಕೆ ಆರ್‌ಟಿಐ ಹಾಕ್ಬೇಕು, ಅದು ಬೇರೆಯೇ ರಾಮಾಯಣ.