ಪಕ್ಕದ ಮನೆಯವರು ಕಟ್ಟೋಕೆ ಮುಂಚೆ ನನ್ನನ್ನು ಕೇಳಿದರು

ಮಾರ್ಚ್‌ನಲ್ಲಿ ಒಂದು ರಿಜಿಸ್ಟರ್ಡ್ ಪತ್ರ ಬಂತು. ಹಸಿರು ಕಾರ್ಡ್ ಅಂಟಿಸಿದ್ದು, ಸಹಿ ಹಾಕಿ ತಗೋಬೇಕು. ಟ್ಯಾಕ್ಸ್ ಇಲಾಖೆಯದ್ದೇನೋ ಅಂತ ಎದೆ ಧಸಕ್ ಅಂತು. ಒಡೆದು ನೋಡಿದರೆ ಪಕ್ಕದ ಮನೆಯವರದ್ದು. ಅವರ ತಾಯಿ ಜೊತೆಗೆ ಬಂದು ಇರ್ತಾರಂತೆ, ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೆ ಕೆಳಗೇ ಒಂದು ಕೋಣೆ ಮತ್ತು ಬಚ್ಚಲುಮನೆ ಕಟ್ಟಬೇಕು ಅಂತಿದ್ದಾರೆ. ನಮ್ಮ ಬೀದಿಯಲ್ಲಿ ಮನೆ ಪಕ್ಕಕ್ಕೆ 10 ಅಡಿ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಖಾಲಿ ಜಾಗ, ಬಿಡಬೇಕು. ಅವರಿಗೆ ಉಳಿಯೋದು 6 ಅಡಿ 3 ಇಂಚು. ಹಾಗಾಗಿ ಊರಿನ ಝೋನಿಂಗ್ ಬೋರ್ಡ್ (ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನೋ ನಿಯಮದ ಅರ್ಜಿಗಳನ್ನು ಕೇಳೋ ಮಂಡಳಿ) ಮುಂದೆ ವೇರಿಯನ್ಸ್, ಅಂದರೆ ನಿಯಮದಿಂದ ವಿನಾಯಿತಿ, ಕೇಳಿದ್ದಾರೆ, ಇಂಥ ದಿನ ವಿಚಾರಣೆ, ನೀವು ಬಂದು ಮಾತಾಡಬಹುದು ಅಂತ ಬರೆದಿತ್ತು.

ನಾನಿರೋದು ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ. ಬಂದು ಹನ್ನೊಂದು ವರ್ಷ ಆಯ್ತು. ಇಂಥ ಪತ್ರ ಇದೇ ಮೊದಲು. ಅವತ್ತು ರಾತ್ರಿ ಬೆಂಗಳೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ಕಟ್ಟೋಕೆ ಮುಂಚೆನೇ ಕೇಳಿದಾರಾ? ನಿನ್ನನ್ನಾ?" ಅಂದರು. ಆ ಮಾತಿನ ಹಿಂದೆ ಏನಿದೆ ಅಂತ ನನಗೆ ಗೊತ್ತು.

ನಮ್ಮ ಅಪ್ಪ ಅಮ್ಮನ ಮನೆ ಇರೋದು 30-40 ಸೈಟಿನಲ್ಲಿ. ಪಶ್ಚಿಮದ ಪಕ್ಕದ ಸೈಟಿನವರು 2011ರಲ್ಲಿ ಹಳೇ ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿದರು. ಪ್ಲಾನಿನಲ್ಲಿ ಮೂರು ಅಡಿ ತೋರಿಸಿದ್ದರು. ಕಟ್ಟಿದ ಮೇಲೆ ನಮ್ಮ ಕಾಂಪೌಂಡಿಗೂ ಅವರ ಗೋಡೆಗೂ ನಡುವೆ ಉಳಿದಿದ್ದು ಒಂದು ಗೇಣು. ಕೈ ತೂರಿಸಿದರೆ ಮೊಣಕೈ ಉಜ್ಜುತ್ತೆ. ಅಮ್ಮನ ಅಡುಗೆಮನೆಯ ಕಿಟಕಿ ಆ ಕಡೆಗೇ ಇರೋದು. ಸಂಜೆ ನಾಲ್ಕು ಗಂಟೆಗೆ ಒಲೆಯ ಮೇಲೆ ಬೀಳ್ತಿದ್ದ ಬಿಸಿಲು ಹೋಯ್ತು. ತುಳಸಿ ಕುಂಡವನ್ನು ಅಮ್ಮ ಮೂರು ಸಲ ಜಾಗ ಬದಲಿಸಿ ಕೊನೆಗೆ ಟೆರೇಸಿಗೆ ಹೊತ್ತುಕೊಂಡು ಹೋದರು. ಆವತ್ತಿಂದ ಇವತ್ತಿನವರೆಗೂ ಆ ಅಡುಗೆಮನೆಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್ ಉರೀತಾನೇ ಇದೆ.

ಪಾಯ ತೋಡುವಾಗಲೇ ಅಪ್ಪ ಪಾಲಿಕೆ ಕಚೇರಿಗೆ ದೂರು ಕೊಡೋಕೆ ಹೋದರು. ಅಲ್ಲಿದ್ದವರು ಅಪ್ಪನ ಅರ್ಜಿ ತಗೊಂಡು, "ಸರ್, ನಾವು ಬಂದರೆ ನಿಮ್ಮದೂ ಅಳೀಬೇಕಾಗುತ್ತೆ" ಅಂದರಂತೆ. ಅಪ್ಪ ವಾಪಸ್ ಬಂದುಬಿಟ್ಟರು. ಯಾಕೆಂದರೆ ನಮ್ಮ ಮನೆಯ ಹೊರಗಿನ ಮೆಟ್ಟಿಲು ನಿಂತಿರೋದೂ ಸೆಟ್‌ಬ್ಯಾಕಿನಲ್ಲೇ. 1994ರಲ್ಲಿ ಮೇಲೆ ಬಾಡಿಗೆಗೆ ಮನೆ ಕಟ್ಟಿದಾಗ ಮೇಸ್ತ್ರಿ "ಎಲ್ಲರೂ ಹಿಂಗೇ ಕಟ್ಟೋದು ಸಾರ್" ಅಂದಿದ್ದ, ಅಪ್ಪ ಹೂಂ ಅಂದಿದ್ದರು. ನನ್ನ ತಲೆಯಲ್ಲಿ ಇಷ್ಟು ವರ್ಷ ಕೊರೀತಾ ಇರೋದು ಇದೇ ವಿಷಯ. ಪಕ್ಕದವರು ನಿಯಮ ಮುರಿದರು ಅನ್ನೋದಕ್ಕಿಂತ, ಎಲ್ಲರೂ ಸ್ವಲ್ಪ ಸ್ವಲ್ಪ ಮುರಿದಿರೋದರಿಂದ ಯಾರಿಗೂ ಬಾಯಿಲ್ಲ ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ. ಅಮ್ಮನ ಕಿಟಕಿಯ ಬೆಳಕು ಹೋಗಿದ್ದನ್ನು ಕೇಳೋಕೆ ಅಪ್ಪನಿಗೆ ಬಾಯೇ ಬರಲಿಲ್ಲ.

ಸರಿ, ನ್ಯೂಜೆರ್ಸಿಗೆ ಬರ್ತೀನಿ. ಪತ್ರ ಬಂದ ಮೇಲೆ ಮುನಿಸಿಪಲ್ ಕಟ್ಟಡಕ್ಕೆ ಹೋಗಿ ಫೈಲ್ ಕೇಳಿದೆ. ಯಾರು ನೀವು, ಯಾಕೆ ಬೇಕು ಅಂತ ಒಂದು ಪ್ರಶ್ನೆ ಇಲ್ಲ. ಸರ್ವೆ ನಕ್ಷೆ, ಫೋಟೋ, ಅರ್ಜಿ ಎಲ್ಲ ಮೇಜಿನ ಮೇಲೆ ಇಟ್ಟರು. ಇಲ್ಲಿಯ ಕಾನೂನು 1975ರದ್ದು. ಅರ್ಜಿದಾರರು ತಮ್ಮ ಜಾಗದ ಸುತ್ತ 200 ಅಡಿಯೊಳಗೆ ಆಸ್ತಿ ಇರುವ ಎಲ್ಲರಿಗೂ ಕನಿಷ್ಠ 10 ದಿನ ಮುಂಚೆ ತಿಳಿಸಬೇಕು, ಸಾರ್ವಜನಿಕ ಪ್ರಕಟಣೆಯನ್ನೂ ಹಾಕಿಸಬೇಕು. ಆ ಮಾಲೀಕರ ಪಟ್ಟಿಯನ್ನು ಊರಿನ ಕಚೇರಿಯೇ ಕೊಡುತ್ತೆ. ಅದಕ್ಕೆ ಹೆಸರಿಗೆ 25 ಸೆಂಟ್ ಅಥವಾ 10 ಡಾಲರ್, ಯಾವುದು ಜಾಸ್ತಿಯೋ ಅದು. ಅದಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ. ನೋಟಿಸ್ ಸರಿಯಾಗಿ ಹೋಗದಿದ್ದರೆ ವಿಚಾರಣೆಯೇ ನಡೆಯೋದಿಲ್ಲ.

ವಿಚಾರಣೆ ಸಂಜೆ ಏಳೂವರೆಗೆ. ಏಳು ಜನ ಸದಸ್ಯರು. ಎಲ್ಲರೂ ಊರಿನವರೇ, ಸಂಬಳ ಇಲ್ಲ, ಹಗಲು ತಮ್ಮ ತಮ್ಮ ಕೆಲಸ ಮುಗಿಸಿ ಬಂದು ಕೂತಿದ್ದರು. ಪಕ್ಕದ ಮನೆಯಾತನಿಗೆ ಮೊದಲು ಪ್ರಮಾಣ ಮಾಡಿಸಿದರು. ಆತ ತಾಯಿಯ ಮಂಡಿ ಆಪರೇಷನ್, ಮೆಟ್ಟಿಲಿನಲ್ಲಿ ಎರಡು ಸಲ ಬಿದ್ದಿದ್ದು ಎಲ್ಲಾ ಹೇಳ್ತಾ ಹೇಳ್ತಾ ಗಂಟಲು ಕಟ್ಟಿ ನಿಂತುಬಿಟ್ಟರು. ಅಧ್ಯಕ್ಷೆ ಕಾದರು. ಆಮೇಲೆ ಮೆತ್ತಗೆ, ನಮಗೆಲ್ಲ ಇದು ಅರ್ಥ ಆಗುತ್ತೆ, ಆದರೆ ಕಾನೂನಿನ ಪ್ರಕಾರ ನಾವು ನೋಡಬೇಕಾದ್ದು ಮನೆಯವರ ಕಷ್ಟ ಅಲ್ಲ, ಜಾಗದ ಕಷ್ಟ ಅಂದರು.

ನನಗೆ ಮೊದಲು ಇದು ನಿರ್ದಯೆ ಅನ್ನಿಸಿತು. ಯೋಚಿಸಿದಷ್ಟೂ ಸರಿ ಅನ್ನಿಸ್ತಾ ಹೋಯ್ತು. ತಾಯಿ ಇಂದು ಇರ್ತಾರೆ, ನಾಳೆ ಮನೆ ಮಾರಿ ಹೋಗಬಹುದು, ಗೋಡೆ ಮಾತ್ರ ಎಂಬತ್ತು ವರ್ಷ ಅಲ್ಲೇ ನಿಂತಿರುತ್ತೆ. ಅದಕ್ಕೇ ಕಾನೂನು ಸೈಟನ್ನು ನೋಡುತ್ತೆ: ಅಗಲ ಕಡಿಮೆಯಾ, ಉದ್ದ ಕಡಿಮೆಯಾ, ಆಕಾರ ಸೊಟ್ಟನಾ, ನೆಲ ಇಳಿಜಾರಾ. ಕಷ್ಟವನ್ನು ಮಾಲೀಕನೇ ಮೈಮೇಲೆ ಎಳ್ಕೊಂಡಿದ್ದರೆ, ಅಂದರೆ ಸರಿಯಾಗಿದ್ದ ಸೈಟನ್ನು ತಾನೇ ತುಂಡು ಮಾಡಿ ಮಾರಿಕೊಂಡು ಈಗ ಜಾಗ ಸಾಲದು ಅಂದರೆ, ಅದು ನಡೆಯೋಲ್ಲ. ಹಾಗಂತ ಜಾಗ ಯಾವುದಕ್ಕೂ ಬರಲ್ಲ ಅಂತ ಸಾಬೀತು ಮಾಡಬೇಕಾಗೂ ಇಲ್ಲ. ನಾರ್ತ್ ಕಾಲ್ಡ್‌ವೆಲ್ ಅನ್ನೋ ಊರಿನ ಕಿರಿದಾದ ಸೈಟೊಂದರ ಈಜುಕೊಳದ ಕೇಸಿನಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1999ರಲ್ಲಿ ಇದನ್ನು ಹೇಳಿದೆ. ಇನ್ನೂ ಒಂದಿದೆ. ಕಷ್ಟ ಇದೆ ಅಂತ ತೋರಿಸಿದರೆ ಸಾಲದು, ಊರಿನ ಹಿತಕ್ಕೂ ವಲಯದ ನಿಯಮದ ಉದ್ದೇಶಕ್ಕೂ ದೊಡ್ಡ ಧಕ್ಕೆ ಆಗಲ್ಲ ಅಂತಲೂ ತೋರಿಸಬೇಕು.

ಅವರ ಎಂಜಿನಿಯರ್ ನಕ್ಷೆ ತೋರಿಸಿದರು. ಅವರ ಸೈಟು 50 ಅಡಿ ಅಗಲ, ಇವತ್ತಿನ ನಿಯಮ ಕೇಳೋದು 75 ಅಡಿ. ಮನೆ ಕಟ್ಟಿ ಎಷ್ಟೋ ವರ್ಷ ಆದಮೇಲೆ ಆ ನಿಯಮ ಬಂತು. ಹಿಂಭಾಗದಲ್ಲಿ ಕಟ್ಟೋಣ ಅಂದರೆ ಚರಂಡಿ ಕೊಳವೆಗೆ ಬಿಟ್ಟ ಜಾಗ. ಕೇಳ್ತಾ ಕೇಳ್ತಾ ನನಗೇ ಒಪ್ಪಿಗೆಯಾಯ್ತು, ಬೇರೆ ದಾರಿ ಇರಲಿಲ್ಲ.

ಆಮೇಲೆ ಸಾರ್ವಜನಿಕರು ಯಾರಾದರೂ ಇದ್ದೀರಾ ಅಂದರು. ನಾನು ಎದ್ದೆ. ಕೈ ನಡುಗ್ತಿತ್ತು. ನಾನು ಕೇಳಿದ್ದು ಎರಡೇ ಪ್ರಶ್ನೆ. 6 ಅಡಿ 3 ಇಂಚು ಅನ್ನೋದು ಗೋಡೆಯವರೆಗಾ, ಸೂರಿನ ಅಂಚಿನವರೆಗಾ? ಎರಡನೇದು, ಏಸಿಯ ಹೊರಗಿನ ಪೆಟ್ಟಿಗೆ ಎಲ್ಲಿ ಇಡ್ತೀರಿ?

ಎಂಜಿನಿಯರ್ ನಕ್ಷೆ ತಿರುಗಿಸಿ ನೋಡಿದರು. ಗೋಡೆಯವರೆಗೆ ಅಂತ ಒಪ್ಪಿಕೊಂಡರು. ಸೂರು ಇನ್ನೊಂದು ಅಡಿ ಮುಂದಕ್ಕೆ ಬರುತ್ತೆ, ಅಂದರೆ ಮಳೆನೀರು ಬೀಳೋದು ನಮ್ಮ ಬೇಲಿಗೆ 5 ಅಡಿ 3 ಇಂಚು ದೂರದಲ್ಲಿ. ಏಸಿ ಪೆಟ್ಟಿಗೆ ಇದ್ದದ್ದು ಸರಿಯಾಗಿ ನಮ್ಮ ಅಡುಗೆಮನೆ ಕಿಟಕಿಯ ಎದುರು. ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ, ಯಾಕೆಂದರೆ ಆ ಕಿಟಕಿಯಲ್ಲಿ ನಿಂತು ಸಾರು ಕುದಿಸೋದು ನಾನು. ಸದಸ್ಯರೊಬ್ಬರು ಪೆನ್ ತಗೊಂಡು ಬರೆದುಕೊಂಡರು. ಆ ಪೆನ್ ಓಡಿದ್ದು ನೋಡಿ ನನಗೆ ಅಪ್ಪನ ಅರ್ಜಿ ನೆನಪಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಎಷ್ಟು ಜನ ವಿರೋಧ ಅಂತ ಬೋರ್ಡ್ ತಲೆ ಎಣಿಸೋ ಹಾಗಿಲ್ಲ. ಸಹಿ ಸಂಗ್ರಹ ಮಾಡಿಕೊಂಡು ಹೋದರೂ ಅದು ಸಾಕ್ಷಿ ಆಗಲ್ಲ, ಸಹಿ ಹಾಕಿದವರನ್ನು ಯಾರೂ ಪ್ರಶ್ನೆ ಮಾಡೋಕಾಗಲ್ಲವಲ್ಲ. ಬಂದು, ಪ್ರಮಾಣ ಮಾಡಿ, ನಿಮಗೆ ಏನು ತೊಂದರೆ ಅಂತ ಹೇಳಬೇಕು. ಗುಂಪು ಕಟ್ಟಿದವರಿಗಿಂತ ಅಳತೆ ಹಿಡಿದು ಬಂದವರ ಮಾತಿಗೆ ಬೆಲೆ ಜಾಸ್ತಿ.

ಆರು ಜನ ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಷರತ್ತುಗಳು ಮೂರು. ಸೂರು ಮುಂದಕ್ಕೆ ಚಾಚೋದನ್ನು ಆರು ಇಂಚಿಗೆ ಇಳಿಸಬೇಕು, ಮಳೆನೀರು ಕೊಳವೆಯಲ್ಲಿ ಇಂಗುಗುಂಡಿಗೆ ಹೋಗಬೇಕು, ಏಸಿ ಪೆಟ್ಟಿಗೆ ಹಿಂದಕ್ಕೆ. ಇವನ್ನೆಲ್ಲ ಕಾರಣ ಸಮೇತ ನಿರ್ಣಯವಾಗಿ ಬೋರ್ಡ್ 45 ದಿನದೊಳಗೆ ಬರೆದು ಅಂಗೀಕರಿಸಬೇಕು. ಅದು ಪ್ರಕಟವಾದ ಮೇಲೆ ಒಪ್ಪದವರು ಕೋರ್ಟಿಗೆ ಹೋಗೋಕೂ 45 ದಿನ ಇದೆ.

ಇಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಆ ಒಂದು ಕೋಣೆಗೆ ಅರ್ಜಿ ಶುಲ್ಕ, ಎಂಜಿನಿಯರ್, ವಕೀಲರು, ಬೋರ್ಡಿನ ತಜ್ಞರಿಗೆ ಮುಂಗಡ ಅಂತ ಅವರಿಗೆ ಸಾವಿರಗಟ್ಟಲೆ ಡಾಲರ್ ಆಗಿದೆ. ಕೈಯಲ್ಲಿ ಕಾಸಿಲ್ಲದವರು ಕೇಳೋದನ್ನೇ ಬಿಡ್ತಾರೆ. ಅದಕ್ಕಿಂತ ದೊಡ್ಡದು, ಇಲ್ಲಿಯ ಎಷ್ಟೋ ಊರುಗಳು ದೊಡ್ಡ ಸೈಟು, ಅಗಲ ಸೆಟ್‌ಬ್ಯಾಕ್ ಅಂತ ನಿಯಮ ಮಾಡಿಕೊಂಡು ಬಡವರು ಬರದ ಹಾಗೆ ನೋಡಿಕೊಂಡಿವೆ. 1975ರಲ್ಲೇ ಮೌಂಟ್ ಲಾರೆಲ್ ಊರಿನ ಕೇಸಿನಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಇದು ತಪ್ಪು ಅಂದಿತು, ಜಗಳ ಇನ್ನೂ ಮುಗಿದಿಲ್ಲ. ನಿಯಮ ಅನ್ನೋದೇ ದೊಡ್ಡವರ ಗೋಡೆ ಆಗಿಬಿಡಬಹುದು, ಅದು ನಿಜ.

ಆದರೂ ಈ ನಿಯಮಗಳು ಶುರುವಾಗಿದ್ದು ಬೆಳಕಿನಿಂದ. ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಕಟ್ಟಡ ಅಂತ 38 ಮಹಡಿಯದ್ದು ಬೀದಿ ಅಂಚಿನಿಂದ ನೇರ ಮೇಲಕ್ಕೆ ಎದ್ದಿತು, ಸುತ್ತಲಿನ ಕಟ್ಟಡಗಳೆಲ್ಲ ನೆರಳಿಗೆ ಬಿದ್ದವು. ಅಂಥ ಕಟ್ಟಡಗಳ ಮೇಲಿನ ಸಿಟ್ಟು ಕೂಡ ಸೇರಿ ಮರುವರ್ಷ ನಗರ ಇಡೀ ಊರಿಗೆ ಝೋನಿಂಗ್ ತಂದಿತು. ಅದರ ಜೊತೆಗೇ ವಿನಾಯಿತಿ ಕೇಳೋಕೆ ಒಂದು ಮಂಡಳಿಯನ್ನೂ ಇಟ್ಟರು. ಅಂದರೆ ನಿಯಮ ಮಾಡಿದವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು, ಎಲ್ಲ ಜಾಗಕ್ಕೂ ಒಂದೇ ಅಳತೆ ಕೂರಲ್ಲ, ಕೇಳೋಕೆ ಒಂದು ಬಾಗಿಲು ಬೇಕು ಅಂತ.

ನಮ್ಮಲ್ಲಿ ಆ ಬಾಗಿಲು ಇರೋದು ಮನೆಯ ಹಿಂದುಗಡೆ. ಮೊದಲು ಕಟ್ಟು, ಆಮೇಲೆ ದಂಡ ಕಟ್ಟು. ಅಕ್ರಮ-ಸಕ್ರಮದ 2014ರ ನಿಯಮದಲ್ಲಿ ವಾಸದ ಮನೆಗೆ ಶೇ 50ರವರೆಗಿನ ಉಲ್ಲಂಘನೆ, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗೆ ಸಕ್ರಮ ಮಾಡಬಹುದು ಅಂತಿತ್ತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಸರಿ ಅಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ಕಾಲದಲ್ಲಿ ಅಪ್ಪ ಒಂದು ದಿನ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು. ಮೂರು ಅಡಿ ಬಿಡಬೇಕಾದ ಕಡೆ ಒಂಬತ್ತು ಇಂಚು ಬಿಟ್ಟಿದ್ದಾರೆ, ಅಂದರೆ ಉಲ್ಲಂಘನೆ ಶೇ 75. ಆ ಯೋಜನೆಯಲ್ಲೂ ಅದು ಸಕ್ರಮ ಆಗೋಲ್ಲ. ಹಾಗಂತ ಆ ಗೋಡೆ ಯಾರಾದರೂ ಒಡೀತಾರಾ? ಅಲ್ಲಿ ಈಗ ಆರು ಸಂಸಾರ ಬಾಡಿಗೆಗಿದೆ. ಒಡೀರಿ ಅನ್ನೋಕೆ ನಮಗೂ ಮನಸ್ಸಿಲ್ಲ. ಅಕ್ಕಪಕ್ಕದವರಿಗೆ ಏನು ಹೋಯ್ತು ಅಂತ ಶೇಕಡಾ ಲೆಕ್ಕದಲ್ಲಿ ಎಲ್ಲೂ ಬರಲ್ಲ, ದಂಡದ ದುಡ್ಡಿನಲ್ಲಿ ಒಂದು ಪೈಸೆ ಅಮ್ಮನ ಅಡುಗೆಮನೆಗೆ ಬರೋದೂ ಇಲ್ಲ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದೆ, ಸ್ವಾಧೀನ ಪತ್ರ (ಓಸಿ, ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನೋ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಅಂತ. 2025ರಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಹೊಸ ಮನೆಯವರು ಮೀಟರ್ ಸಿಗದೆ ಪರದಾಡಿದರು. ತಪ್ಪು ಮಾಡಿದವರು ಅನುಭವಿಸಲಿ ಅನ್ನೋದು ಸುಲಭ. ಆದರೆ 20-30 ಸೈಟಿನಲ್ಲಿ ಮೂರು ತಲೆಮಾರು ಇರಬೇಕಾದವರು ನಿಜವಾದ ಕಷ್ಟ ಇದ್ದಾಗ ಕಟ್ಟೋಕೆ ಮುಂಚೆ ಹೋಗಿ, ಪಕ್ಕದವರನ್ನು ಕೂರಿಸಿಕೊಂಡು, ಒಂದಡಿ ಕಡಿಮೆ ಬಿಡ್ತೀವಿ, ಈ ಕಾರಣಕ್ಕೆ, ಅಂತ ಬಹಿರಂಗವಾಗಿ ಕೇಳೋ ಒಂದು ಜಾಗ ನಮ್ಮ ವಾರ್ಡಿನಲ್ಲಿ ಇರಬೇಕಿತ್ತು. ಕೇಳಿದ್ದರೆ ಪ್ರಾಯಶಃ ಅಪ್ಪನೇ ಒಂದಡಿಗೆ ಒಪ್ತಿದ್ದರು. ಅಮ್ಮನ ಕಿಟಕಿಯ ಮುಂದೆ ಮಾತ್ರ ಗೋಡೆ ಸ್ವಲ್ಪ ಒಳಗೆ ತಗೊಳ್ಳಿ ಅಂತಿದ್ದರು, ಅಷ್ಟೇ ಅಲ್ವಾ.

ವಿಚಾರಣೆಯಲ್ಲಿ ಆದದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. ಸೂರಿನ ಪ್ರಶ್ನೆ ಕೇಳಿದ್ದು ಅವರಿಗೆ ಬಹಳ ಖುಷಿಯಾಯಿತು, "ಚಜ್ಜಾ ಲೆಕ್ಕಕ್ಕೆ ತಗೊಂಡರಾ?" ಅಂತ ಎರಡು ಸಲ ಕೇಳಿದರು. ಈಗ ನಮ್ಮ ಪೂರ್ವದ ಪಕ್ಕದ ಮನೆಯವರೂ ಹಳೇ ಮನೆ ಕೆಡವೋಕೆ ಹೊರಟಿದ್ದಾರೆ. ಹೋದ ವಾರ ಅಪ್ಪ ಅವರ ಮನೆಗೆ ಹೋಗಿ ಕಾಫಿ ಕುಡಿದು, ಪ್ಲಾನ್ ಒಂದು ಸಲ ನೋಡಬಹುದಾ ಅಂತ ನೇರವಾಗಿ ಕೇಳಿದರಂತೆ. ನಮ್ಮ ಮೆಟ್ಟಿಲೂ ನಿಮ್ಮ ಕಡೆ ವಾಲಿದೆ, ಅದು ನಮ್ಮ ತಪ್ಪು ಅಂತ ಮೊದಲೇ ಹೇಳಿದರಂತೆ. ಆ ಮನೆಯ ಹುಡುಗ ಪ್ಲಾನ್ ಹಾಳೆ ತಂದು ಊಟದ ಮೇಜಿನ ಮೇಲೆ ಹರಡಿದ. ನಮ್ಮ ದೇವರಮನೆ ಕಿಟಕಿಗೆ ಎದುರಾಗಿ ಅವರ ಬಚ್ಚಲಿನ ಪೈಪ್ ಬರ್ತಿತ್ತು. ಅದನ್ನು ಆ ಕಡೆ ಗೋಡೆಗೆ ತಿರುಗಿಸೋಕೆ ಒಪ್ಪಿದ್ದಾನೆ. ಸೆಟ್‌ಬ್ಯಾಕಿನ ಮಾತು ಇನ್ನೂ ಆಗಿಲ್ಲ. ಭಾನುವಾರ ಟೇಪ್ ತಗೊಂಡು ಬನ್ನಿ ಅಂಕಲ್, ಇಬ್ಬರೂ ಹಿಡಿದು ನೋಡೋಣ ಅಂದಿದ್ದಾನಂತೆ.